ರನ್ ಎಂಬ ಮೂರಕ್ಷರದ ಮಾತು



ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳು ಮೊದಮೊದಲು ಬಾಯಿಪಾಠ ಮಾಡುವ ಕ್ರಿಯಾಪದಗಳಲ್ಲಿ 'ರನ್' ಒಂದು. ಆರ್, ಯು, ಎನ್, ರನ್. ರನ್ ಅಂದರೆ ಓಡು. ಬರೆಯುವುದಕ್ಕೂ ಸುಲಭ, ಹೇಳುವುದಕ್ಕೂ ಸುಲಭ. ಒಂದು ಸಾಲು ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ಇದೇ ಪದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಸಂಪಾದಕರ ಮೇಜಿಗೆ ಬಂದಾಗ ಕಥೆಯೇ ಬೇರೆಯಾಯಿತು. ಆ ನಿಘಂಟನ್ನು ಹೊಸದಾಗಿ ಪರಿಷ್ಕರಿಸುತ್ತಿದ್ದವರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಅವರಿಗೆ ಈ ಒಂದೇ ಪದವನ್ನು ಬಿಡಿಸಿ, ವಿಂಗಡಿಸಿ, ಮತ್ತೆ ಜೋಡಿಸುವುದಕ್ಕೆ ಒಂಬತ್ತು ತಿಂಗಳು ಹಿಡಿಯಿತು. 2011ರಲ್ಲಿ ಆ ಕೆಲಸದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಲೆಕ್ಕ ಹೀಗಿತ್ತು: ಕ್ರಿಯಾಪದವಾಗಿ ಮಾತ್ರವೇ ರನ್ ಎಂಬ ಪದಕ್ಕೆ 645 ಅರ್ಥಗಳು. ನಾಮಪದದ ಅರ್ಥಗಳು ಆ ಲೆಕ್ಕದಲ್ಲಿ ಸೇರಿಲ್ಲ. ಅದೇ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಹೊರಬಂದಾಗ ಅತಿ ಉದ್ದದ ನಮೂದು 'ಸೆಟ್' ಎಂಬ ಪದದ್ದಾಗಿತ್ತು. ಆ ಹಿರಿತನ ಈಗ ರನ್ ಪಾಲಿಗೆ ಬಂದಿದೆ.

ಒಂದು ಪದಕ್ಕೆ ಎಷ್ಟು ಅರ್ಥ ಎಂಬುದು ಎಣಿಸುವವರು ಎಲ್ಲಿ ಗೆರೆ ಎಳೆಯುತ್ತಾರೆ ಎಂಬುದನ್ನೂ ಅವಲಂಬಿಸಿರುತ್ತದೆ. ನದಿ ಹರಿಯುವುದು ಒಂದು ಅರ್ಥ, ಮೂಗು ಸೋರುವುದು ಇನ್ನೊಂದು ಅರ್ಥ ಎಂದು ಒಬ್ಬರು ಎಣಿಸಬಹುದು. ಎರಡೂ ನೀರು ಹರಿಯುವುದೇ ತಾನೇ ಎಂದು ಇನ್ನೊಬ್ಬರು ಕೂಡಿಸಿಬಿಡಬಹುದು. ಈ ಸಂಕಟ ಹೊಸದಲ್ಲ. ಲಂಡನ್ನಿನ ಗಫ್ ಸ್ಕ್ವೇರ್‌ನ ಮನೆಯಲ್ಲಿ ಕುಳಿತು ಸ್ಯಾಮ್ಯುಯೆಲ್ ಜಾನ್ಸನ್ ರಚಿಸಿದ ನಿಘಂಟು 1755ರಲ್ಲಿ ಅಚ್ಚಾಯಿತು. ಅದರ ಮುನ್ನುಡಿಯಲ್ಲಿ ಅವನು ತನ್ನನ್ನು ಬಹಳ ದಣಿಸಿದ ಕೆಲವು ಕ್ರಿಯಾಪದಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ದೊಡ್ಡ ಪದ ಒಂದೂ ಇಲ್ಲ. ಕಮ್, ಗೆಟ್, ಗಿವ್, ಡೂ, ಪುಟ್, ಸೆಟ್, ಗೋ, ಮೇಕ್, ಟೇಕ್ ಇವುಗಳ ಸಾಲಿನಲ್ಲಿ ರನ್ ಕೂಡ ಇದೆ. ಗ್ರೀಕಿನಿಂದಲೋ ಲ್ಯಾಟಿನ್ನಿನಿಂದಲೋ ಬಂದ ಹತ್ತಕ್ಷರದ ಪಾಂಡಿತ್ಯದ ಪದಕ್ಕೆ ಅರ್ಥ ಬರೆಯುವುದು ನಿಘಂಟುಕಾರನಿಗೆ ಅರ್ಧ ಗಂಟೆಯ ಕೆಲಸ. ಮನೆಮಂದಿ ದಿನವಿಡೀ ಆಡುವ ಮಾತೇ ಅವನ ಕೈಗೆ ಸಿಗದೆ ಜಾರುವುದು.

ರನ್ ಇಷ್ಟು ಹರಡಿಕೊಂಡದ್ದು ಹೇಗೆ? ಉತ್ತರದ ಮೊದಲ ಭಾಗ ಅದರ ಹುಟ್ಟಿನಲ್ಲೇ ಇದೆ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದು ಒಂದು ಪದವಾಗಿರಲಿಲ್ಲ, ಎರಡಾಗಿತ್ತು. 'ರಿನ್ನನ್' ಎಂದರೆ ತಾನಾಗಿ ಓಡುವುದು, ಹರಿಯುವುದು. 'ಇರ್ನನ್' ಎಂಬುದು ಅದರದೇ ಇನ್ನೊಂದು ರೂಪ. 'ಆರ್ನನ್' ಎಂಬ ಬೇರೆ ಕ್ರಿಯಾಪದಕ್ಕೆ ಓಡಿಸುವುದು, ಕುದುರೆಯನ್ನು ದೌಡಾಯಿಸುವುದು ಎಂಬ ಅರ್ಥ. ಒಂದು ಅಕರ್ಮಕ, ಇನ್ನೊಂದು ಸಕರ್ಮಕ. ಸ್ಕ್ಯಾಂಡಿನೇವಿಯದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಭಾಷೆಯಲ್ಲೂ ಇವುಗಳ ದಾಯಾದಿಗಳಿದ್ದವು. ಕಾಲಕ್ರಮದಲ್ಲಿ ಎಲ್ಲವೂ ಕೂಡಿಕೊಂಡು ಒಂದೇ ರನ್ ಉಳಿಯಿತು. ಜರ್ಮನ್ ಭಾಷೆ ಇಂದಿಗೂ ಎರಡನ್ನು ಬೇರೆಯಾಗಿಯೇ ಇಟ್ಟುಕೊಂಡಿದೆ: ಮನುಷ್ಯ ಓಡಿದರೆ 'ರೆನ್ನೆನ್', ನೀರು ಹರಿದರೆ 'ರಿನ್ನೆನ್'. ಇಂಗ್ಲಿಷ್ ಆ ಗೋಡೆಯನ್ನು ಕೆಡವಿಬಿಟ್ಟಿತು. ಹಾಗಾಗಿ ರನ್ ಎಂದರೆ ಓಡು ಎಂಬುದು ಮೂಲ ಅರ್ಥ, ಹರಿ ಎಂಬುದು ಆಮೇಲೆ ಬಂದ ಅಲಂಕಾರ ಎಂದುಕೊಳ್ಳುವುದು ಸರಿಯಲ್ಲ. ಕಾಲೂ ನೀರೂ ಮೊದಲಿನಿಂದಲೇ ಆ ಪದದೊಳಗಿವೆ.

ಕನ್ನಡಿಗರಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. ಹಳಗನ್ನಡದ 'ಪರಿ' ಎಂಬ ಧಾತುವಿಗೂ ಓಡು, ಪ್ರವಹಿಸು ಎಂಬ ಎರಡು ಅರ್ಥಗಳಿದ್ದವು. ಕಾವ್ಯಗಳಲ್ಲಿ ಕುದುರೆಯೂ ಪರಿಯುತ್ತದೆ, ಹೊಳೆಯೂ ಪರಿಯುತ್ತದೆ. ಆ ಪರಿಯೇ ಹೊಸಗನ್ನಡದಲ್ಲಿ 'ಹರಿ' ಆಗಿ, ಕಾಲಿನ ಓಟವನ್ನು 'ಓಡು' ಎಂಬುದಕ್ಕೆ ಬಿಟ್ಟುಕೊಟ್ಟು, ನೀರನ್ನು ಮಾತ್ರ ತನಗೆ ಉಳಿಸಿಕೊಂಡಿತು. ಪೂರ್ತಿ ಬಿಟ್ಟುಕೊಟ್ಟಿತೆಂದೂ ಹೇಳಲಾಗದು: ಹಾವು ಇಂದಿಗೂ ಹರಿಯುತ್ತದೆ, ಅಪಘಾತದ ಸುದ್ದಿ ಬರೆಯುವ ವರದಿಗಾರರು 'ಲಾರಿ ಹರಿದು' ಎಂದೇ ಬರೆಯುತ್ತಾರೆ. ಇಂಗ್ಲಿಷಿನವರು ಅಲ್ಲಿ 'ರನ್ ಓವರ್' ಅನ್ನುತ್ತಾರೆ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲ. ವೇಗವಾಗಿ ಮುಂದೆ ಸಾಗುವ ಕಾಲನ್ನೂ ನೀರನ್ನೂ ಒಟ್ಟಿಗೆ ಕಂಡ ಕಣ್ಣು ಮಾತ್ರ ಎರಡೂ ಕಡೆ ಒಂದೇ.

ಹರಿಯುವ ಅರ್ಥ ಇಂಗ್ಲಿಷಿನಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬುದಕ್ಕೆ ಅಮೆರಿಕದ ಭೂಪಟ ಸಾಕ್ಷಿ. ಪೂರ್ವದ ವರ್ಜೀನಿಯ, ಪೆನ್ಸಿಲ್ವೇನಿಯ ಮುಂತಾದ ರಾಜ್ಯಗಳಲ್ಲಿ ಸಣ್ಣ ಹಳ್ಳಗಳ ಹೆಸರಿನ ಕೊನೆಗೆ 'ರನ್' ಇರುತ್ತದೆ. ಅವುಗಳಲ್ಲಿ ಚರಿತ್ರೆಗೆ ಸೇರಿದ್ದು ಬುಲ್ ರನ್. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ 1861ರ ಜುಲೈ 21ರಂದು ನಡೆದದ್ದು ಆ ಹಳ್ಳದ ಬಳಿ. ಮರುವರ್ಷ ಆಗಸ್ಟಿನಲ್ಲಿ ಅಲ್ಲೇ ಇನ್ನೊಂದು ಯುದ್ಧವಾಯಿತು. ಉತ್ತರದವರು ಕಾಳಗಗಳಿಗೆ ಹತ್ತಿರದ ಹೊಳೆ ಹಳ್ಳಗಳ ಹೆಸರಿಡುತ್ತಿದ್ದರು, ದಕ್ಷಿಣದವರು ಹತ್ತಿರದ ಊರಿನ ಹೆಸರಿಡುತ್ತಿದ್ದರು. ಹಾಗಾಗಿ ಅದೇ ಯುದ್ಧ ಒಬ್ಬರಿಗೆ ಬುಲ್ ರನ್, ಇನ್ನೊಬ್ಬರಿಗೆ ಮನಾಸಸ್. ಚರಿತ್ರೆಯ ವಿದ್ಯಾರ್ಥಿ ಬುಲ್ ರನ್ ಎಂಬುದನ್ನು ಕಂಡು ಸ್ಪೇನಿನ ಪಾಂಪ್ಲೋನದ ಬೀದಿಗಳಲ್ಲಿ ಪ್ರತಿ ಜುಲೈಯಲ್ಲಿ ನಡೆಯುವ ಗೂಳಿಗಳ ಓಟವನ್ನು ನೆನೆದರೆ ಅವನ ತಪ್ಪೇನಿಲ್ಲ. ಪಾಠ ಹೇಳುವವರು ಅದು ಹಳ್ಳ ಎಂದು ಒಂದು ಮಾತು ಹೇಳಿಬಿಟ್ಟರೆ ಪದವೂ ಇತಿಹಾಸವೂ ಒಟ್ಟಿಗೆ ತಿಳಿಯುತ್ತವೆ.

ರನ್ ಇಷ್ಟು ಹರಡಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರದ ಎರಡನೇ ಭಾಗ ಯಂತ್ರ. ಪದದ ಅರ್ಥಗಳು ನಿಜವಾಗಿ ನುಗ್ಗಿ ಬಂದದ್ದು ಇಂಗ್ಲೆಂಡಿನಲ್ಲಿ ಹಬೆಯ ಯಂತ್ರಗಳು ಬಂದ ಮೇಲೆ. 1825ರಲ್ಲಿ ಸ್ಟಾಕ್ಟನ್ ಮತ್ತು ಡಾರ್ಲಿಂಗ್ಟನ್ ನಡುವೆ, 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ರೈಲು ಬಂತು. ಈ ಹೊಸ ವಸ್ತುವಿನ ಚಲನೆಗೆ ಜನ ಹೊಸ ಕ್ರಿಯಾಪದ ಕಟ್ಟಲಿಲ್ಲ. ಮನೆಯಲ್ಲಿದ್ದ ರನ್ ಅನ್ನೇ ಹಚ್ಚಿದರು. ರೈಲು ಓಡಿತು. ರೈಲನ್ನು ಓಡಿಸುವ ಕಂಪನಿಯೂ ಅದೇ ಕ್ರಿಯೆ ಮಾಡಿತು. ಮಗ್ಗ ಓಡಿತು, ಪಂಪು ಓಡಿತು, ಗಿರಣಿ ಓಡಿತು. ಒಂದೇ ಜಾಗದಲ್ಲಿ ನಿಂತು ತಿರುಗುವ ಚಕ್ರಕ್ಕೂ ಓಟ ಎಂಬ ಹೆಸರು ಬಂದಾಗ ಪದಕ್ಕೆ ದಾರಿ ಸಾಗುವ ಹಂಗು ತಪ್ಪಿತು. ಕೆಟ್ಟು ನಿಲ್ಲದೆ ತನ್ನ ಕೆಲಸ ಮಾಡುತ್ತಿದ್ದರೆ ಸಾಕು, ಅದು ರನ್. ಅಲ್ಲಿಂದ ಮುಂದಿನ ಹೆಜ್ಜೆ ಕಷ್ಟವಾಗಲಿಲ್ಲ. ಯಂತ್ರವನ್ನು ನಡೆಸುವವನು ಗಿರಣಿಯನ್ನು ನಡೆಸಿದ, ಗಿರಣಿ ನಡೆಸಿದವನು ವ್ಯಾಪಾರ ನಡೆಸಿದ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಅಂಗಡಿ, ಹೋಟೆಲು, ಪತ್ರಿಕೆ ಎಲ್ಲಕ್ಕೂ ಈ ಬಳಕೆ ಹಬ್ಬಿತು.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. 'ಹೀ ರನ್ಸ್ ಎ ಶಾಪ್' ಎಂಬ ವಾಕ್ಯ ಕೊಟ್ಟರೆ, ರನ್ ಅಂದರೆ ಓಡು ಎಂದು ಕಲಿತ ಮಗು 'ಅವನು ಅಂಗಡಿ ಓಡುತ್ತಾನೆ' ಎಂದು ಬರೆಯುತ್ತದೆ. ಸ್ವಲ್ಪ ಜಾಣ ಮಗು 'ಓಡಿಸುತ್ತಾನೆ' ಎಂದು ಬರೆಯುತ್ತದೆ. ಕನ್ನಡದಲ್ಲಿ ಅಂಗಡಿ, ಶಾಲೆ, ಸಂಸಾರ ಎಲ್ಲವನ್ನೂ ನಾವು ನಡೆಸುತ್ತೇವೆ. ಓಡಿಸುವುದು ಗಾಡಿಯನ್ನು, ಇಲ್ಲವೇ ಹೊಲಕ್ಕೆ ನುಗ್ಗಿದ ದನವನ್ನು. ಇಂಗ್ಲಿಷಿನವರು ಓಟದಿಂದ ಕಟ್ಟಿದ್ದನ್ನು ನಾವು ನಡಿಗೆಯಿಂದ ಕಟ್ಟಿದ್ದೇವೆ. ಮಗುವಿಗೆ ಬುದ್ಧಿ ಕಡಿಮೆಯೆಂದು ಈ ತಪ್ಪು ಆಗುವುದಿಲ್ಲ. ಒಂದು ಪದಕ್ಕೆ ಒಂದೇ ಅರ್ಥ ಎಂದು ನಾವು ಕಲಿಸಿದ್ದರಿಂದ ಆಗುತ್ತದೆ. ರನ್ ಎಂಬುದನ್ನು ಒಂಟಿಯಾಗಿ ಕಲಿಸಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ರನ್ ಎ ರೇಸ್, ರನ್ ಎ ಶಾಪ್, ರನ್ ಎ ಫೀವರ್ ಎಂದು ಅದರ ಜೊತೆಗಾರರೊಂದಿಗೆ ಕಲಿಸಬೇಕು. ಯಾಕೆಂದರೆ ಅರ್ಥ ಇರುವುದು ಆ ಜೊತೆಯಲ್ಲಿ. ಜ್ವರ ನಮಗೆ ಬರುತ್ತದೆ, ಮೈ ಕಾಯುತ್ತದೆ. ಇಂಗ್ಲಿಷಿನ ರೋಗಿ ಜ್ವರವನ್ನು ರನ್ ಮಾಡುತ್ತಾನೆ. ಇದಕ್ಕೆ ತರ್ಕ ಹುಡುಕುತ್ತಾ ಕೂರುವುದಕ್ಕಿಂತ ಆ ಜೋಡಿಯನ್ನು ಹಾಗೆಯೇ ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಯಂತ್ರದ ಜೊತೆ ಬಂದ ರನ್ ನಮ್ಮ ನಾಡಿಗೂ ರೈಲು ಹತ್ತಿಯೇ ಬಂದಿದೆ. ಭಾರತೀಯ ರೈಲ್ವೆಯಲ್ಲಿ ಚಾಲಕರು ಮತ್ತು ಗಾರ್ಡುಗಳಿಗೆ 'ರನ್ನಿಂಗ್ ಸ್ಟಾಫ್' ಎಂದು ಹೆಸರು. ದೊಡ್ಡ ಜಂಕ್ಷನ್ನುಗಳಲ್ಲಿ ಅವರು ಒಂದು ಗಾಡಿ ಇಳಿದು ಮುಂದಿನ ಗಾಡಿಯ ಹೊತ್ತಿನವರೆಗೆ ಮಲಗಿ ಎದ್ದು ಹೋಗುವ ಮನೆ 'ರನ್ನಿಂಗ್ ರೂಮ್'. ಹಳೆಯ ಟ್ರ್ಯಾಕ್ಟರ್ ಮಾರುವವರು 'ಗಾಡಿ ರನ್ನಿಂಗ್ ಕಂಡೀಷನ್ನಲ್ಲಿದೆ' ಅನ್ನುತ್ತಾರೆ. ಕಂಡಕ್ಟರು 'ರನ್ನಿಂಗ್ ಬಸ್ ಹತ್ತಬೇಡಿ' ಎಂದು ಗದರುತ್ತಾರೆ. ಕಾಲೇಜಿನಲ್ಲಿ ಮೇಷ್ಟ್ರು ಮಾತಾಡುತ್ತಿದ್ದಂತೆ ಗೀಚಿಕೊಳ್ಳುವುದು 'ರನ್ನಿಂಗ್ ನೋಟ್ಸ್'. ಇವೆಲ್ಲ ನಮ್ಮ ಜನ ಕೋಶ ನೋಡಿ ಕಲಿತ ಬಳಕೆಗಳಲ್ಲ. ಕೆಲಸದ ಜಾಗದಲ್ಲಿ, ಕೆಲಸದ ಜೊತೆಗೇ ಕಲಿತದ್ದು. ಅದಕ್ಕೇ ಅವು ತಪ್ಪುವುದಿಲ್ಲ.

ಇನ್ನು ಹಣದ ವಿಷಯ. ಠೇವಣಿ ಇಟ್ಟವರೆಲ್ಲ ಒಮ್ಮೆಗೇ ಹೆದರಿ ತಮ್ಮ ಹಣ ವಾಪಸು ಕೇಳಲು ಮುಗಿಬಿದ್ದರೆ ಅದಕ್ಕೆ ಬ್ಯಾಂಕಿನ ಮೇಲಿನ ರನ್ ಎನ್ನುತ್ತಾರೆ. 1797ರ ಫೆಬ್ರವರಿಯಲ್ಲಿ ಫ್ರೆಂಚ್ ಸೈನಿಕರ ಒಂದು ಸಣ್ಣ ಪಡೆ ವೇಲ್ಸ್‌ನ ಫಿಶ್‌ಗಾರ್ಡ್ ಬಳಿ ದಡ ಸೇರಿತು. ಆಕ್ರಮಣದ ಭಯ ಮೊದಲೇ ಹರಡಿ, ಜನ ಕಾಗದದ ನೋಟು ಕೊಟ್ಟು ಚಿನ್ನ ಕೇಳುತ್ತಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡ್ ಚಿನ್ನ ಕೊಡುವುದನ್ನು ನಿಲ್ಲಿಸಬೇಕಾಯಿತು. ಆ ನಿರ್ಬಂಧ ಪೂರ್ತಿ ತೆರವಾದದ್ದು 1821ರಲ್ಲಿ. ಅಮೆರಿಕದಲ್ಲಿ 1933ರ ಮಾರ್ಚಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇಡೀ ದೇಶದ ಬ್ಯಾಂಕುಗಳಿಗೆ ರಜೆ ಘೋಷಿಸಿದ್ದೂ ಇಂಥದೇ ನುಗ್ಗಾಟವನ್ನು ತಡೆಯಲು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿದ ಚಿತ್ರಗಳನ್ನು ನೋಡಿದರೆ ಅಲ್ಲಿ ಒಬ್ಬರೂ ಓಡುತ್ತಿರಲಿಲ್ಲ. ತಾಸುಗಟ್ಟಲೆ ಶಾಂತವಾಗಿ ಬೀದಿಯಲ್ಲಿ ನಿಂತಿದ್ದರು. ಆದರೂ ಅದು ರನ್. ಇಲ್ಲಿ ಓಡುತ್ತಿರುವುದು ಜನರಲ್ಲ, ಭಯ. ಭಯದ ಜೊತೆಗೆ ಹಣ.

ಆಟದ ರನ್ ನಮಗೆಲ್ಲ ಗೊತ್ತು. ವಿಕೆಟ್ಟುಗಳ ನಡುವೆ 22 ಗಜ. ಆ ತುದಿಯಿಂದ ಈ ತುದಿಗೆ ಇಬ್ಬರೂ ಓಡಿ ಮುಟ್ಟಿದರೆ ಒಂದು ರನ್. ಕ್ರಿಕೆಟ್ಟಿನ ಹಳೆಯ ದಿನಗಳಲ್ಲಿ ಲೆಕ್ಕ ಇಡುವವರು ಮರದ ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದರು. ಪ್ರತಿ ಓಟಕ್ಕೆ ಒಂದು ಕಚ್ಚು. ಆಗ ಗಳಿಕೆಯ ಹೆಸರೂ 'ನಾಚ್', ಅಂದರೆ ಕಚ್ಚು ಎಂದೇ ಇತ್ತು. ಕೋಲು ಹೋಗಿ ಪುಸ್ತಕ ಬಂತು, ಕಚ್ಚು ಹೋಗಿ ರನ್ ನಿಂತಿತು. ಆಮೇಲೆ ರನ್ ಕೂಡ ಕಾಲನ್ನು ಬಿಟ್ಟಿತು. ಚೆಂಡು ಗೆರೆ ದಾಟಿದರೆ ಬ್ಯಾಟು ಹಿಡಿದವನು ಒಂದು ಹೆಜ್ಜೆ ಇಡದಿದ್ದರೂ ನಾಲ್ಕು ರನ್. ವೈಡ್ ಎಸೆದರೂ ರನ್. ಓಟ ಎಂಬುದು ಚಲನೆಯಾಗಿದ್ದದ್ದು ಎಣಿಕೆಯ ಮೂಲಮಾನವಾಯಿತು. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದು ರನ್ ಎಂದರೆ ಪೂರ್ತಿ ಒಂದು ಸುತ್ತು. ತಲಾ 90 ಅಡಿ ದೂರದ ನಾಲ್ಕು ಬದಿಗಳನ್ನು ಮುಗಿಸಿ ಹೊರಟ ಜಾಗಕ್ಕೇ ಬರಬೇಕು. ಹೀಗಾಗಿ ಅಲ್ಲಿ ಒಂದು ರನ್ನಿನ ಬೆಲೆ ದೊಡ್ಡದು. ಇಡೀ ಆಟ ಎರಡೋ ಮೂರೋ ರನ್ನಿನಲ್ಲಿ ಮುಗಿಯಬಹುದು.

ಕುದುರೆ ಜೂಜಿನಿಂದ ಬಂದ ಮಾತುಗಳೂ ಉಂಟು. ಪಂದ್ಯದ ಫಲಿತಾಂಶದಲ್ಲಿ ಮೊದಲ ಮೂರು ಕುದುರೆಗಳ ಹೆಸರು ಹಾಕಿ, ಉಳಿದವನ್ನು 'ಇವೂ ಓಡಿದವು' ಎಂದು ಕೆಳಗೆ ಸೇರಿಸುತ್ತಿದ್ದರು. ಅದರಿಂದ 'ಆಲ್ಸೋ ರ‍್ಯಾನ್' ಎಂದರೆ ಸ್ಪರ್ಧಿಸಿ ಲೆಕ್ಕಕ್ಕೆ ಬಾರದೆ ಹೋದವನು ಎಂದಾಯಿತು. ಒಂದೇ ಲಾಯದ ಇನ್ನೊಂದು ಕುದುರೆಗೆ ವೇಗ ಹಿಡಿದುಕೊಡಲು ಓಡುವ ಜೊತೆಗುದುರೆ 'ರನ್ನಿಂಗ್ ಮೇಟ್'. ಅಮೆರಿಕದಲ್ಲಿ ಈಗ ಅದು ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿಗೆ ಸಲ್ಲುವ ಹೆಸರು. ಅಲ್ಲಿನವರು ಚುನಾವಣೆಗೆ ಓಡುತ್ತಾರೆ. ಬ್ರಿಟನ್ನಿನವರು ಚುನಾವಣೆಗೆ ನಿಲ್ಲುತ್ತಾರೆ. ಒಂದೇ ಭಾಷೆ, ಒಂದೇ ಕೆಲಸ. ನಡುವೆ ಒಂದು ಸಾಗರ. ನಮ್ಮ ಅಭ್ಯರ್ಥಿಗಳೂ ಬ್ರಿಟನ್ನಿನವರಂತೆ ನಿಲ್ಲುವವರೇ.

ನಾಟಕದ ರನ್ನಿಗೆ ಬಂದರೆ, ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಲಂಡನ್ನಿನಲ್ಲಿ 1952ರ ನವೆಂಬರಿನಲ್ಲಿ ತೆರೆಕಂಡು, 2020ರ ಮಾರ್ಚಿನಲ್ಲಿ ಕೋವಿಡ್ ಬಂದು ರಂಗಮಂದಿರಗಳನ್ನು ಮುಚ್ಚಿಸುವವರೆಗೂ ಓಡುತ್ತಲೇ ಇತ್ತು. ಓಡುತ್ತಲೇ ಇತ್ತು ಎಂಬ ಮಾತು ಈಗ ನನಗೆ ಸಹಜವಾಗಿಯೇ ಬಂತು, ಯಾಕೆಂದರೆ ಸಿನಿಮಾ ನಮ್ಮಲ್ಲೂ ಓಡುತ್ತದೆ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದನ್ನು ಹಿರಿಯರು ಇಂದಿಗೂ ಹೇಳುತ್ತಾರೆ.

ವಕೀಲರ ಮಾತಿನಲ್ಲೂ ರನ್ ಇದೆ. ಜಮೀನಿನ ಮೇಲೆ ಒಬ್ಬರು ಮಾಡಿಕೊಂಡ ಕರಾರು ಆ ಜಮೀನು ಕೈಬದಲಾದರೂ ಹೊಸ ಮಾಲೀಕರನ್ನು ಕಟ್ಟಿಹಾಕುವುದಾದರೆ, ಅದು ನೆಲದ ಜೊತೆ ಓಡುತ್ತದೆ ಎಂಬುದು ಇಂಗ್ಲಿಷ್ ಕಾನೂನಿನ ನುಡಿ. 1583ರ ಸ್ಪೆನ್ಸರ್ ಮೊಕದ್ದಮೆಯಿಂದ ಹಿಡಿದು ಇದರ ಮೇಲೆ ವಾದಗಳು ನಡೆದಿವೆ. ನೆಲ ನಿಂತಲ್ಲೇ ಇದೆ, ಕರಾರು ಕಾಗದದ ಮೇಲಿದೆ, ಆದರೂ ಎರಡೂ ಒಟ್ಟಿಗೆ ಓಡುತ್ತವೆ.

ಇನ್ನೊಂದು ಬಳಕೆ ನನಗೆ ವಿಶೇಷವಾಗಿ ಪ್ರಿಯ. ಹೆಣೆದ ಕಾಲುಚೀಲದಲ್ಲಿ ಒಂದು ಕುಣಿಕೆ ಬಿಟ್ಟುಕೊಂಡರೆ ಅದರ ಮೇಲಿನದು, ಅದರ ಮೇಲಿನದು ಎಂದು ಸಾಲಾಗಿ ಬಿಚ್ಚುತ್ತಾ ಉದ್ದನೆಯ ಗೆರೆಯೇಳುತ್ತದೆ. ನೈಲಾನ್ ಕಾಲುಚೀಲಗಳು ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1940ರ ಮೇ ತಿಂಗಳಲ್ಲಿ. ಆ ಗೆರೆಯನ್ನು ಅಲ್ಲಿನ ಹೆಂಗಸರು ರನ್ ಎನ್ನುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಬ್ರಿಟನ್ನಿನವರು ಅದನ್ನು ಏಣಿ ಎನ್ನುತ್ತಾರೆ. ಹರಿಯುವ ಪದವೇ ಬಟ್ಟೆ ಹಾಳಾಗುವುದಕ್ಕೂ ಬಂತು. ಕನ್ನಡದಲ್ಲೂ ನೀರು ಹರಿಯುತ್ತದೆ, ಸೀರೆಯೂ ಹರಿಯುತ್ತದೆ. ಆದರೆ ನಮ್ಮ ದಾರಿ ಬೇರೆ. ಹಳಗನ್ನಡದಲ್ಲಿ ಹೊಳೆಯ 'ಪರಿ' ಬೇರೆ, ಬಟ್ಟೆಯ 'ಪಱಿ' ಬೇರೆ. ಎರಡನೆಯದರಲ್ಲಿ ಇದ್ದದ್ದು ಈಗ ನಾವು ಕೈಬಿಟ್ಟಿರುವ ಶಕಟರೇಫ. ಆ ಅಕ್ಷರ ಸಾಮಾನ್ಯ ರಕಾರದಲ್ಲಿ ಕರಗಿದಾಗ ಎರಡು ಧಾತುಗಳೂ ಒಂದೇ 'ಹರಿ' ಆದವು. ಇಂಗ್ಲಿಷಿನ ಕಾಲುಚೀಲದಲ್ಲಿ ಒಂದೇ ಪದದ ಅರ್ಥ ಬೆಳೆದು ಅಲ್ಲಿಗೆ ಮುಟ್ಟಿತು; ಕನ್ನಡದ ಸೀರೆಯಲ್ಲಿ ಎರಡು ಪದಗಳು ಸವೆದು ಒಂದಾದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಪದಕ್ಕೆ ಹಲವು ಅರ್ಥ ಎನ್ನುವಾಗ ಈ ಎರಡರಲ್ಲಿ ಯಾವುದು ನಡೆದಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ಭಾಷೆಯ ಮೇಷ್ಟ್ರುಗಳಿಗೆ ಇರಬೇಕು.

ಪೂರ್ತಿ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ರಸ್ತೆ ಉತ್ತರಕ್ಕೆ ರನ್ ಆಗುತ್ತದೆ, ನಮ್ಮಲ್ಲಿ ಅದು ಹೋಗುತ್ತದೆ. ಬಟ್ಟೆಯ ಬಣ್ಣ ರನ್ ಆಗುತ್ತದೆ, ನಮ್ಮಲ್ಲಿ ಬಿಡುತ್ತದೆ. ಸಕ್ಕರೆ 'ರನ್ ಔಟ್' ಆಗುತ್ತದೆ, ನಮ್ಮಲ್ಲಿ ತೀರುತ್ತದೆ. ಕೋಳಿಗಳಿಗೆ ಬೇಲಿ ಹಾಕಿ ಬಿಟ್ಟ ಜಾಗ ಒಂದು ರನ್, ಮೊಟ್ಟೆಯಿಡಲು ಸಾಲ್ಮನ್ ಮೀನುಗಳು ಕಡಲಿನಿಂದ ನದಿಯ ಮೇಲ್ಮುಖವಾಗಿ ಏರಿ ಬರುವುದು ಇನ್ನೊಂದು.

ಕೊನೆಗೆ ಕಂಪ್ಯೂಟರಿನ ರನ್. 1964ರ ಮೇ 1ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಅವರ 'ಬೇಸಿಕ್' ಎಂಬ ಸರಳ ಪ್ರೋಗ್ರಾಂ ಭಾಷೆ ಮೊದಲ ಬಾರಿಗೆ ಕೆಲಸ ಮಾಡಿತು. ಗಣಿತದವರಲ್ಲದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಎಂಬುದು ಅವರ ಆಸೆ. ಸಾಲುಗಳನ್ನು ಬರೆದು ಮುಗಿಸಿದ ವಿದ್ಯಾರ್ಥಿ ಕೊನೆಯಲ್ಲಿ ಟೈಪು ಮಾಡಬೇಕಾಗಿದ್ದ ಆಜ್ಞೆ 'ರನ್'. ಬೇರೆ ಬೇರೆ ರೂಪಗಳಲ್ಲಿ ಹರಡಿದ ಅದೇ ಭಾಷೆಯಿಂದ ನಮ್ಮ ಶಾಲೆಗಳ ಮಕ್ಕಳೂ ಕಂಪ್ಯೂಟರಿನ ಮೊದಲ ಪಾಠ ಕಲಿತರು. ಇಂದು ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಯಲ್ಲಾದರೂ ಕನ್ನಡ ಮಾತಾಡುವ ಇಬ್ಬರು ಎಂಜಿನಿಯರುಗಳ ಮಾತಿಗೆ ಕಿವಿಗೊಡಿ. 'ಒಂದ್ಸಲ ರನ್ ಮಾಡಿ ನೋಡು' ಅನ್ನುತ್ತಾರೆ. 'ಇನ್ನೂ ರನ್ ಆಗ್ತಾ ಇದೆ' ಅನ್ನುತ್ತಾರೆ. ಇಂಗ್ಲಿಷಿನವರಿಗೆ ಎರಡೂ ಕಡೆ ರನ್ ಒಂದೇ: ಮನುಷ್ಯ ಪ್ರೋಗ್ರಾಮನ್ನು ರನ್ ಮಾಡಿದರೂ ರನ್, ಪ್ರೋಗ್ರಾಂ ತಾನಾಗಿ ರನ್ ಆದರೂ ರನ್. ಕನ್ನಡದಲ್ಲಿ ಹಾಗೆ ಒಂದೇ ಬಿಡಿಪದದಿಂದ ಎರಡನ್ನೂ ಹೇಳುವುದು ಅಪರೂಪ. ನಾವು 'ಮಾಡು', 'ಆಗು' ಸೇರಿಸಿಕೊಂಡೆವು. ಆರ್ನನ್ ಮತ್ತು ರಿನ್ನನ್ ಎಂಬ ಎರಡು ಪದಗಳಿಂದ ಹಳೆಯ ಇಂಗ್ಲಿಷು ಇಟ್ಟುಕೊಂಡು, ಆಮೇಲೆ ಕಳೆದುಕೊಂಡ ವ್ಯತ್ಯಾಸವೂ ಇದೇ: ಓಡಿಸುವುದು ಒಂದು, ಓಡುವುದು ಒಂದು. ಅವರು ಬಿಟ್ಟದ್ದನ್ನು, ಅವರದೇ ಪದದ ಮೇಲೆ, ಕನ್ನಡದ ಎರಡು ಸಣ್ಣ ಕ್ರಿಯಾಪದಗಳು ಮತ್ತೆ ಕಟ್ಟಿಕೊಟ್ಟಿವೆ.